ಐದು ಕೊಕ್ಕೆ, ಐದು ಸುರುಳಿ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿನ ಯಜಮಾನಿ ಕೋಲ್ಡ್ ರೂಮಿನ ಬಾಗಿಲು ಎಳೆದಳು. ಐದು ಕೊಕ್ಕೆಗಳೂ ಖಾಲಿ.

ಬಾಗಿಲಿನ ಬೀಗ ಮುರಿದಿತ್ತು. ಇಪ್ಪತ್ತೆಂಟು ದಿನ ತಂಪಿನಲ್ಲಿ ತೂಗಿ, ಹದಕ್ಕೆ ಬಂದಿದ್ದ ಐದು ದೊಡ್ಡ ದನದ ಮಾಂಸದ ತುಂಡುಗಳು ಮಾಯವಾಗಿದ್ದವು. ಸಂಜೆ ನಲವತ್ತು ಜನ ಊಟಕ್ಕೆ ಬರುವವರಿದ್ದರು. ಅವರಲ್ಲಿ ಹೆಚ್ಚಿನವರು ಹೊರದೇಶಗಳಿಂದ ಬಂದು ಈ ಊರಲ್ಲಿ ದುಡಿಯುವವರು. ಒಂದು ಒಳ್ಳೆಯ ಸ್ಟೇಕ್ ಎಲ್ಲಿ ಸಿಕ್ಕೀತು ಎಂದು ವರ್ಷಗಟ್ಟಲೆ ಬೀದಿ ಬೀದಿ ಅಲೆದು, ಕೊನೆಗೆ ಈ ಹನ್ನೊಂದು ಮೇಜಿನ ಹೋಟೆಲಿಗೆ ಬಂದು ಮುಟ್ಟಿದವರು.

ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಮುಚ್ಚಿದ ಹೋಟೆಲಿಗೆ ಸೋಮವಾರ ಇಡೀ ದಿನ ರಜ.

ಪಕ್ಕದ ಹೂವಿನಂಗಡಿಯವಳು ಬಾಗಿಲಲ್ಲಿ ಇಣುಕಿದಳು. "ನಿನ್ನೆ ಬೆಳಿಗ್ಗೆ ನಿಮ್ಮ ಪಾತ್ರೆಯವಳು ಹಿಂದಿನ ಬಾಗಿಲಿಂದ ಹೋಗಿದ್ದು ನೋಡಿದೆ. ಭುಜದ ಮೇಲೆ ಇಷ್ಟು ದೊಡ್ಡ ಚೀಲ."

ಪಾತ್ರೆ ತೊಳೆಯುವ ಹೆಂಗಸಿನ ಕೈಯಿಂದ ಸೋಪು ಜಾರಿತು.

"ಹನ್ನೆರಡಕ್ಕೆ ಪೊಲೀಸರಿಗೆ ಫೋನ್ ಮಾಡ್ತೀನಿ," ಅಂದಳು ಯಜಮಾನಿ. "ಅಷ್ಟರಲ್ಲಿ ಹೇಳೋದಿದ್ರೆ ಹೇಳು."

* * *

"ಅಣ್ಣ, ಬೇಗ ಬಾ," ಎಂದಷ್ಟೇ ಪಾತ್ರೆಯವಳು ಫೋನಿನಲ್ಲಿ ಹೇಳಿದ್ದು.

ಅವಳ ಅಣ್ಣ ಎಂದರೆ ದೊಡ್ಡಮ್ಮನ ಮಗ. ಬೀದಿಗೆಲ್ಲ ಕಿವಿಯಣ್ಣ. ಫ್ರಿಜ್ಜು, ಕೋಲ್ಡ್ ರೂಮುಗಳ ಮೆಕ್ಯಾನಿಕ್. ಮೆಷಿನ್ನಿಗೆ ಕಿವಿ ಆನಿಸಿ ಅದರ ರೋಗ ಹೇಳುತ್ತಿದ್ದ. ಕೆಲಸದ ಹೆಜ್ಜೆಗಳನ್ನು ಅಜ್ಜಿ ಕಲಿಸಿದ ಪದ್ಯಗಳ ಹಾಗೆ ಬಾಯಲ್ಲೇ ಹೇಳಿಕೊಳ್ಳುವ ರೂಢಿ: ಆರಿಸು, ಕರಗಿಸು, ಒರೆಸು, ಹಾಕು, ಕೇಳು. ನಡುವೆ ತಡೆದರೆ ಮತ್ತೆ ಮೊದಲಿಂದ ಹೇಳಬೇಕು. ಅದು ಅಜ್ಜಿಯ ಕಟ್ಟಪ್ಪಣೆ.

ಈ ಹೋಟೆಲಿನ ಕೋಲ್ಡ್ ರೂಮ್ ಅವನದೇ ಸುಪರ್ದಿ. ಭಾನುವಾರ ಮಧ್ಯಾಹ್ನ ಬಂದು ಮೆಷಿನ್ನಿಗೆ ಕಟ್ಟಿದ್ದ ಮಂಜು ತೆಗೆದಿದ್ದ. ಅಡಿಗೆಯವರ ಕೈಯಿಂದ ಒಂದು ಸ್ಟೇಕ್ ತಿಂದೂ ಹೋಗಿದ್ದ. ಪರದೇಶಕ್ಕೆ ಬಂದು ಏಳು ವರ್ಷ. ಹೊಸ ಊರಿಗೆ ಹೋದಾಗಲೆಲ್ಲ ಒಳ್ಳೆಯ ಸ್ಟೇಕ್ ಹುಡುಕಿದ್ದ. ಒಂದು ಕಡೆ ಚಪ್ಪಲಿಯ ಅಟ್ಟೆ, ಇನ್ನೊಂದು ಕಡೆ ಒದ್ದೆ ಹತ್ತಿ. ಭಾನುವಾರದ ತುಂಡಿನ ರುಚಿ ಮಾತ್ರ ಎರಡು ದಿನವಾದರೂ ನಾಲಿಗೆ ಬಿಟ್ಟು ಹೋಗಿರಲಿಲ್ಲ.

ತಂಗಿಗೆ ಇಲ್ಲಿ ಕೆಲಸ ಕೊಡಿಸಿದವನೂ ಅವನೇ. ಕಳ್ಳತನದ ದೂರು ಬಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಈ ದೇಶದಲ್ಲಿ ಇರುವ ಪರವಾನಗಿಯೂ ಹೋಗುತ್ತದೆ. ಅವಳ ಮಗಳು ಇಲ್ಲಿಯ ಶಾಲೆಯಲ್ಲಿ ನಾಲ್ಕನೇ ತರಗತಿ.

"ಚೀಲದಲ್ಲಿ ಏನಿತ್ತು?" ಕಿವಿಯಣ್ಣ ಕೇಳಿದ.

"ಅಡಿಗೆಮನೆ ಬಟ್ಟೆ. ರಜದ ದಿನ ಮನೇಲಿ ಒಗೆದು ತರ್ತೀನಲ್ಲ. ಅಗೋ, ಆ ಮೂಲೆಲಿದೆ."

ಅವನು ಚೀಲದ ಬಾಯಿ ಬಿಚ್ಚಿದ. ಒಳಗೆ ಕೈ ಹಾಕಿದ. ಒಂದು ಒರೆಸುವ ಬಟ್ಟೆಯನ್ನು ಮೂಗಿಗೆ ಹಿಡಿದ. ಸೋಪಿನ ವಾಸನೆ. ತಲೆ ಎತ್ತಿದರೆ ತಂಗಿ ಅವನನ್ನೇ ನೋಡುತ್ತಿದ್ದಳು.

"ನೀನೂನಾ ಅಣ್ಣ?"

ಅವನು ಬೀಗದ ಕಡೆ ತಿರುಗಿದ.

* * *

ಬೀಗದ ನಾಲಿಗೆ ಬಗ್ಗಿ ಹೋಗಿತ್ತು. ಆದರೆ ಆ ನಾಲಿಗೆ ಕೂರುವ ಚೌಕಟ್ಟಿನ ತಗಡಿನ ಮೇಲೆ ಒಂದು ಗೀರೂ ಇರಲಿಲ್ಲ.

"ಅಕ್ಕಾ, ಇದನ್ನ ಬಾಗಿಲು ತೆರೆದಿಟ್ಟುಕೊಂಡು ಬಡಿದು ಮುರಿದಿದ್ದಾರೆ. ಹೊರಗಿನ ಕಳ್ಳ ಅಲ್ಲ. ಕೀಲಿ ಇದ್ದವರು."

"ಕೀಲಿ ಮೂರು. ಒಂದು ನನ್ನ ಹತ್ರ. ಒಂದು ಮಾವನ ಹತ್ರ. ಇನ್ನೊಂದು ನಿನ್ನ ತಂಗಿ ಹತ್ರ." ಯಜಮಾನಿ ಕೈಕಟ್ಟಿದಳು. "ಚೆನ್ನಾಗಿ ಸಹಾಯ ಮಾಡಿದೆ ಕಣಪ್ಪಾ."

ಮಾವ ಎಂದರೆ ಅಡಿಗೆಯವರು. ಯಜಮಾನಿಯ ಸೋದರಮಾವ. ಮೂವತ್ತು ವರ್ಷದಿಂದ ಬೆಂಕಿಯ ಮುಂದೆ ನಿಂತವರು. ಮಾತಿಗೆ ಮುಂಚೆ ತಮಾಷೆ ಮಾಡುವ ಮನುಷ್ಯ ಈವತ್ತು ಈರುಳ್ಳಿ ಹೆಚ್ಚುತ್ತ ಬೆನ್ನು ಹಾಕಿ ನಿಂತಿದ್ದರು.

ಕಿವಿಯಣ್ಣ ಕೋಲ್ಡ್ ರೂಮಿನ ಒಳಗೆ ಹೋದ. ಮೆಷಿನ್ ಸರಿಯಾಗಿ ಗುನುಗುತ್ತಿತ್ತು. ಕೊರೆಯುವ ತಂಪು. ನೆಲದಿಂದ ವಿನೆಗರ್ ವಾಸನೆ ಏಳುತ್ತಿತ್ತು.

"ನೆಲ ನೀನು ಒರೆಸಿದ್ಯಾ?"

"ಇಲ್ಲ. ನಾನು ಸೋಪು ಹಾಕೋದು."

ಕಳ್ಳ ಯಾವನಾದರೂ ಕದ್ದ ಜಾಗವನ್ನು ಒರೆಸಿ ಹೋಗುತ್ತಾನೆಯೇ?

ಮೂಲೆಯಲ್ಲಿ ಐಸ್ ಪೆಟ್ಟಿಗೆ. ಕೋಲ್ಡ್ ರೂಮಿಗೂ ಅದಕ್ಕೂ ಒಂದೇ ಸ್ವಿಚ್ಚು. ಮುಚ್ಚಳ ಎತ್ತಿದ. ಚೌಕ ಚೌಕ ಐಸ್ ತುಂಡುಗಳಿರಬೇಕಾದ ಕಡೆ ಒಂದೇ ದೊಡ್ಡ ಗಟ್ಟಿ, ಕನ್ನಡಿಯ ಹಾಗೆ ಸಪಾಟಾಗಿತ್ತು. ಎಲ್ಲವೂ ಕರಗಿ ನೀರಾಗಿ ಮತ್ತೆ ಹೆಪ್ಪುಗಟ್ಟಿತ್ತು. ಅಂದರೆ ಈ ಬೇಸಿಗೆಯಲ್ಲಿ ಸ್ವಿಚ್ಚು ತುಂಬ ಹೊತ್ತು ಆರಿತ್ತು.

ಭಾನುವಾರದ ಕೆಲಸ ನೆನಪಿಗೆ ಬಂತು. ತಳ್ಳಿಹಾಕಿದ. ಈಗ ತಂಗಿ ಮುಖ್ಯ.

ಕೊಕ್ಕೆಗಳ ಕೆಳಗಿನ ಹಲಗೆಯ ಮೇಲೆ ಏನೋ ಸಾಲಾಗಿ ಕಂಡಿತು. ಬಗ್ಗಿ ನೋಡಿದ. ಮಾಂಸ ಕಟ್ಟುವ ಹುರಿ. ಬೆರಳಿಗೆ ಸುತ್ತಿ ತೆಗೆದು, ತುದಿ ಒಳಗೆ ಸಿಕ್ಕಿಸಿಟ್ಟ ಸಣ್ಣ ಸುರುಳಿಗಳು. ಎಣಿಸಿದ. ಐದು.

ಅವನು ಅವುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಹೊರಗೆ ಬಂದ.

* * *

"ಮಾವ," ಅಂದ. "ಇದನ್ನ ಹೀಗೆ ಯಾರು ಸುತ್ತುತ್ತಾರೆ?"

ಚಾಕು ನಿಂತಿತು.

"ಕಳ್ಳನಿಗೆ ಹುರಿ ಕತ್ತರಿಸೋಕೂ ಪುರುಸೊತ್ತಿರಲ್ಲ. ಇಲ್ಲಿ ಐದು ಗಂಟು ಬಿಚ್ಚಿದ್ದಾರೆ, ಐದನ್ನೂ ಸುತ್ತಿಟ್ಟಿದ್ದಾರೆ. ಹೆದರಿದ್ದು ಮನಸ್ಸು. ಕೈ ಮಾತ್ರ ತನ್ನ ಪಾಡಿಗೆ ದಿನದ ಕೆಲಸ ಮಾಡಿದೆ."

ಯಜಮಾನಿ ಸುರುಳಿಗಳನ್ನು ನೋಡಿದಳು. ಅವಳು ಸಣ್ಣವಳಿದ್ದಾಗಿನಿಂದ ನೋಡಿದ ಸುರುಳಿಗಳು.

"ಮಾಂಸ ಕದ್ದಿಲ್ಲ ಅಕ್ಕಾ. ಕೆಟ್ಟಿತ್ತು. ಎಸೆದಿದ್ದಾರೆ. ಐಸ್ ಕರಗಿ ಮತ್ತೆ ಗಟ್ಟಿಯಾಗಿದೆ. ನಾರೋದು ಹೋಗಲಿ ಅಂತ ನೆಲಕ್ಕೆ ವಿನೆಗರ್ ಹಾಕಿದ್ದಾರೆ. ನನ್ನ ತಂಗಿಯಾಗಿದ್ರೆ ನಾರ್ತಿದೆ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ಲು. ಮುಚ್ಚಿಡೋ ಅಗತ್ಯ ಯಾರಿಗಿತ್ತು?"

ಮಾವ ಕುರ್ಚಿ ಎಳೆದುಕೊಂಡು ಕುಳಿತರು. ಕಣ್ಣು ಒರೆಸಿಕೊಂಡರು. ಈರುಳ್ಳಿಯ ನೆಪ ಹೇಳಲಿಲ್ಲ.

"ನಾನೇ ಕಣೇ. ಹೊಗೆ ಫ್ಯಾನಿನ ಸ್ವಿಚ್ಚು, ಇದರ ಸ್ವಿಚ್ಚು ಅಕ್ಕಪಕ್ಕ. ಭಾನುವಾರ ನಾಲ್ಕಕ್ಕೆ ಮುಚ್ಚುವಾಗ ಒಂದರ ಬದಲು ಎರಡೂ ಆರಿಸಿದೀನಿ. ನಿನ್ನೆ ಸಂಜೆ ಆರಕ್ಕೆ ಮಾಂಸ ತಿರುಗಿಸಿಡೋಣ ಅಂತ ಬಂದೆ. ಬಾಗಿಲು ತೆಗೆದ್ರೆ ನಾತ ಮುಖಕ್ಕೆ ರಾಚಿತು. ಸ್ವಿಚ್ಚು ಆರಿತ್ತು. ವಯಸ್ಸಾಯ್ತು, ಇನ್ನು ಮನೇಲಿರು ಅಂತ ನೀನು ಹೇಳಿಬಿಡ್ತೀಯಾ ಅಂತ ದಿಗಿಲಾಯ್ತು. ಕಳ್ಳತನ ಅಂದ್ರೆ ಯಾರ ಮೇಲೂ ಬರಲ್ಲ ಅಂದ್ಕೊಂಡೆ."

"ಇವಳ ಮೇಲೆ ಬಂದಾಗ?" ಯಜಮಾನಿ ಕೇಳಿದಳು.

"ಬಾಯಿ ಏಳಲಿಲ್ಲ." ಅವರು ಪಾತ್ರೆಯವಳ ಕಡೆ ತಿರುಗಿದರು. "ತಪ್ಪಾಯ್ತಮ್ಮಾ."

ತಂಗಿ ಎರಡೂ ಕೈಯಲ್ಲಿ ಸಿಂಕಿನ ಅಂಚು ಹಿಡಿದುಕೊಂಡಳು.

ಯಜಮಾನಿ ಗೋಡೆಯ ಮೊಳೆಯಿಂದ ಮಾವನ ಏಪ್ರನ್ ತೆಗೆದು ಮಡಿಸಿದಳು.

"ಸುಳ್ಳು ಹೇಳಿದ್ದು ಹೇಗೋ ನುಂಗ್ಕೊಳ್ತೀನಿ. ಸ್ವಿಚ್ಚು ಮರೆತಿದ್ದು ಹೇಗೆ ನುಂಗಲಿ? ನಾಳೆ ಗ್ಯಾಸ್ ಮರೀತೀಯ. ಸಾಕು ಮಾವ. ಈವತ್ತಿಂದ ಬೆಂಕಿ ಮುಂದೆ ನೀನು ನಿಲ್ಲಬೇಡ."

ಮಾವ ತಲೆಯಾಡಿಸಿದರು.

* * *

ತಂಗಿಯ ನೌಕರಿ ಉಳಿದಿತ್ತು. ಅವನು ಬಂದ ಕೆಲಸ ಮುಗಿದಿತ್ತು. ಹೊರಡುವ ಮುಂಚೆ ಕಿವಿಯಣ್ಣ ಹಿತ್ತಿಲಿನ ಕಡೆ ಹೋಗಿ, ಮೆಷಿನ್ನಿನ ಹಿಂದಿರುವ ಸಣ್ಣ ಪೆಟ್ಟಿಗೆಯನ್ನು ತೆರೆದ. ಕೋಲ್ಡ್ ರೂಮಿನ ತಾಪವನ್ನು ಗುಂಡು ಕಾಗದದ ಮೇಲೆ ವಾರವಿಡೀ ಗೀಚುವ ಪೆನ್ನು ಅದರಲ್ಲಿತ್ತು. ಗಡಿಯಾರದ ಹಾಗೆ ಕೀಲಿ ಕೊಟ್ಟರೆ ಸಾಕು, ಕರೆಂಟು ಬೇಡ. ಆ ಪೆಟ್ಟಿಗೆ ತೆರೆಯುವವನು ಅವನೊಬ್ಬನೇ.

ಕಾಗದ ಬಿಡಿಸಿ ಬೆಳಕಿಗೆ ಹಿಡಿದ.

ಶನಿವಾರ ಗೆರೆ ತಣ್ಣಗೆ ಸಾಗಿತ್ತು. ಭಾನುವಾರ ಬೆಳಿಗ್ಗೆಯೂ ಹಾಗೇ. ಎರಡು ಇಪ್ಪತ್ತಕ್ಕೆ ಮೇಲೆ ಎದ್ದಿತ್ತು. ಮತ್ತೆ ಇಳಿದದ್ದು ಸೋಮವಾರ ಸಂಜೆ ಆರಕ್ಕೆ. ನಾಲ್ಕು ಗಂಟೆಯ ಹತ್ತಿರ ಏನೂ ಆಗಿರಲಿಲ್ಲ.

ಭಾನುವಾರ ಎರಡು ಇಪ್ಪತ್ತು.

ಆರಿಸು. ಆರಿಸಿದ್ದ. ಕರಗಿಸು. ಕರಗಿಸಿದ್ದ. ಒರೆಸು. ಒರೆಸಿ ಕೈ ತೊಳೆಯುತ್ತಿದ್ದಾಗ ಮಾವ ಕೂಗಿದ್ದರು: "ಬಾರೋ ಮಾರಾಯ! ಮೆಷಿನ್ ಕಾಯುತ್ತೆ, ಸ್ಟೇಕ್ ಕಾಯಲ್ಲ!" ತಟ್ಟೆಯ ಮೇಲೆ ಅದು ಇನ್ನೂ ಚುಂಯ್ ಎನ್ನುತ್ತಿತ್ತು. ಕುಳಿತಿದ್ದ. ಕಣ್ಣು ಮುಚ್ಚಿ ತಿಂದಿದ್ದ. ಎದ್ದು ಮಾವನ ಕೈ ಹಿಡಿದು, ಹಾಡು ಗುನುಗುತ್ತ ಮನೆಗೆ ಹೋಗಿದ್ದ.

ಹಾಕು, ಕೇಳು: ಎರಡು ಮಾತು ಉಳಿದಿದ್ದವು.

ಕಾಗದ ಅಂಗೈಯಷ್ಟೇ. ನಾಲ್ಕು ಮಡಿಕೆ ಮಾಡಿದರೆ ಜೇಬಿನಲ್ಲಿ ಕೂರುತ್ತದೆ. ತಪ್ಪನ್ನು ಒಬ್ಬರು ಆಗಲೇ ಒಪ್ಪಿಕೊಂಡಾಗಿದೆ. ಅದು ನಿಜವೆಂದು ಅವರೇ ನಂಬಿದ್ದಾರೆ. ಅವನು ಒಂದು ಮಡಿಕೆ ಮಾಡಿದ. ಎರಡನೆಯದನ್ನೂ ಮಾಡಿದ. ಮಡಿಸಿಟ್ಟ ಏಪ್ರನ್ ಕಣ್ಣ ಮುಂದೆ ಬಂತು.

* * *

ಕಾಗದವನ್ನು ಬಿಡಿಸಿ, ಎರಡು ಮಡಿಕೆಯ ಗುರುತಿನ ಸಮೇತ, ಮೇಜಿನ ಮೇಲೆ ಹಾಸಿದ.

"ಮಾವ ಅಲ್ಲ ಅಕ್ಕಾ. ಇಲ್ಲಿ ನೋಡಿ. ಬಿಸಿ ಏರಿದ್ದು ಎರಡು ಇಪ್ಪತ್ತಕ್ಕೆ. ಇವರು ಮುಚ್ಚಿದ್ದು ನಾಲ್ಕಕ್ಕೆ. ಮೂರು ಗಂಟೆಗೂ ಹೊಗೆ ಫ್ಯಾನು ತಿರುಗ್ತಾ ಇತ್ತು, ನನ್ನ ಸ್ಟೇಕಿನ ಹೊಗೆ ಮೇಲಕ್ಕೆ ಹೋಗಿದ್ದನ್ನ ನಾನೇ ನೋಡಿದೀನಿ. ಇವರು ಆಮೇಲೆ ಆರಿಸಿದ್ದು ಫ್ಯಾನು ಒಂದನ್ನೇ. ಕೋಲ್ಡ್ ರೂಮಿನದು ಆಗಲೇ ಆರಿತ್ತು."

"ಆರಿಸಿದ್ಯಾರು?"

"ನಾನು. ಮಂಜು ತೆಗೆಯೋಕೆ. ಮತ್ತೆ ಹಾಕಲಿಲ್ಲ. ಹಾಕಿದ್ರೆ ಗೆರೆ ಅರ್ಧ ಗಂಟೇಲಿ ಇಳೀಬೇಕಿತ್ತು. ಇಳಿದಿಲ್ಲ. ಮರೆತು ತಿನ್ನೋಕೆ ಕೂತೆ."

ಯಜಮಾನಿಯ ಬೆರಳು ಮಡಿಕೆಯ ಗುರುತಿನ ಮೇಲೆ ಹರಿದು ನಿಂತಿತು.

"ಇದನ್ನ ನೀನು ಮಡಿಸಿದ್ದೆ."

"ಹೂಂ."

ಅವಳು ಎದ್ದಳು. ಏಪ್ರನ್ ತೆಗೆದುಕೊಂಡು ಹೋಗಿ ಮಾವನ ತೊಡೆಯ ಮೇಲೆ ಇಟ್ಟಳು. "ಕಸಾಯಿಯವನಿಗೆ ಫೋನ್ ಮಾಡ್ತೀನಿ. ಹದವಾಗದ ಮಾಂಸ ಅಂತ ಬಂದವರಿಗೆ ನಾನೇ ಹೇಳ್ತೀನಿ. ಕಿವಿಯಣ್ಣ, ನಾಳೆಯಿಂದ ನಮ್ಮ ಮೆಷಿನ್ ನೀನು ಮುಟ್ಟಬೇಡ."

"ಆಯ್ತಕ್ಕಾ."

ಮಾವ ಏಪ್ರನ್ನಿನ ದಾರ ಕಟ್ಟಿಕೊಂಡರು. ಎರಡು ಸಲ ಗಂಟು ತಪ್ಪಿತು. "ಸ್ವಿಚ್ಚು ಆರಿದ್ದು ಕಂಡಾಗ ನಿನ್ನ ಮೇಲೆ ಅನುಮಾನವೇ ಬರಲಿಲ್ಲ ಕಣೋ," ಅಂದರು. "ನಿನ್ನ ಕೈ ತಪ್ಪೋ ಕೈ ಅಲ್ಲ, ತಪ್ಪಿದ್ರೆ ನನ್ನದೇ ಅಂದ್ಕೊಂಡೆ."

ಕಿವಿಯಣ್ಣ ನೆಲ ನೋಡಿದ. ಬೈದಿದ್ದರೆ ಹಗುರವಾಗುತ್ತಿತ್ತು.

"ಹೋಗಲಿ, ಒಂದು ಹೇಳು," ಮಾವ ದನಿ ತಗ್ಗಿಸಿದರು. "ಚೆನ್ನಾಗಿತ್ತಾ?"

ಸುಳ್ಳು ಹೇಳಲು ಅದು ಒಳ್ಳೆಯ ಸಮಯವಾಗಿತ್ತು.

"ಚೆನ್ನಾಗಿತ್ತು ಮಾವ."

ಸಿಂಕಿನ ಹತ್ತಿರ ತಂಗಿ ಜೋರಾಗಿ ನಲ್ಲಿ ಬಿಟ್ಟಳು. ಅವನು ಅವಳ ಪಕ್ಕ ಹೋಗಿ ನಿಂತ. ಒಗೆದ ಬಟ್ಟೆಯ ಚೀಲದ ಬಾಯಿ ಇನ್ನೂ ತೆರೆದೇ ಇತ್ತು, ಅವನು ಬಿಚ್ಚಿದ ಹಾಗೇ. ಬಗ್ಗಿ, ಕಲಕಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸತೊಡಗಿದ. ಅವಳು ಬೇಡ ಎನ್ನಲಿಲ್ಲ. ಅವನ ಕಡೆ ತಿರುಗಿಯೂ ನೋಡಲಿಲ್ಲ.