ಯಾರ ಸೂತ್ರ, ಯಾರ ಕೋಡ್

ಬಾಗಿಲು ತೆರೆದೇ ಇತ್ತು. ಮೇಜಿನ ಪಕ್ಕದಲ್ಲಿ ಹುಡುಗಿ ಸತ್ತು ಬಿದ್ದಿದ್ದಳು. ಹಣೆಯ ಮೇಲೆ ಗಾಯ, ಮೇಜಿನ ಮೂಲೆಯಲ್ಲಿ ಒಣಗುತ್ತಿದ್ದ ರಕ್ತ. ಲ್ಯಾಪ್‌ಟಾಪ್ ಇರಲಿಲ್ಲ. ಅದರ ಚಾರ್ಜರ್ ಮಾತ್ರ ಗೋಡೆಯಲ್ಲಿ ಜೋತಾಡುತ್ತಿತ್ತು.

ಮಾರ್ಕೆಟ್ಟಿನಿಂದ ಬಂದು ಮೊದಲು ನೋಡಿದವಳು ತಾಯಿ. ಈಗ ಅಡುಗೆಮನೆಯ ಹೊಸ್ತಿಲಲ್ಲಿ ಕಲ್ಲಾಗಿ ಕೂತಿದ್ದಳು. ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆಲ್ಲ ಮಗನೇ ಉತ್ತರ ಕೊಟ್ಟ.

“ತಂಗಿ ಕಂಪ್ಯೂಟರ್ ಕೋಡ್ ಬರೀತಿದ್ಲು ಸಾರ್. ಷೇರು ಮೇಷ್ಟ್ರು ಅಂತ ಒಬ್ಬ ಮುದುಕರಿದ್ದಾರೆ. ಷೇರು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅಂತ ಪುಸ್ತಕ ಬರೆದಿದ್ದಾರೆ. ಆ ಪದ್ಧತಿಗೆ ಇವಳು ಕೋಡ್ ಬರೆದು, ಎಲ್ಲರಿಗೂ ಪುಕ್ಕಟೆ ಹಂಚೋಕೆ ಹೊರಟಿದ್ಲು. ಕಾಪಿರೈಟ್ ನಂದು, ಕೋರ್ಟಿಗೆ ಎಳೀತೀನಿ ಅಂತ ಅವರು ಹೆದರಿಸಿದ್ರಂತೆ.”

“ನೀವು ಆ ಕೋಡ್ ನೋಡಿದ್ದೀರಾ?”

“ತೆರೆದೂ ನೋಡಿಲ್ಲ ಸಾರ್. ‘ಬೆಲೆ ಕುಣಿಯೋ ದಿನ ಕೈ ಕಟ್ಟಿ ಕೂತ್ಕೋ’ ಅನ್ನೋ ಸೂತ್ರಾನೇ ಕದ್ದಳು ಅಂತ ಅವರಿಗೆ ಉರಿ. ಪುಸ್ತಕದ ಜೀವಾಳವೇ ಅದು.”

*

ಷೇರು ಮೇಷ್ಟ್ರು ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಯಾರನ್ನಾದರೂ ಕಳಿಸಿರಬಹುದಲ್ಲ ಎಂದುಕೊಂಡೇ ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡ. ಸುದ್ದಿ ಕೇಳಿ ಮುದುಕರು ಕನ್ನಡಕ ತೆಗೆದರು.

“ನಿನ್ನೆ ಬಂದಿದ್ಲು. ಹಂಚಿದ್ರೆ ತಪ್ಪಾಗುತ್ತಾ ಅಂತ ಕೇಳೋಕೆ. ಪುಸ್ತಕದ ಸಾಲುಗಳನ್ನ ಎತ್ತಿ ಹಾಕಬೇಡಮ್ಮ, ನನ್ನ ಹೆಸರು ಹೇಳು, ಸಾಕು ಅಂದೆ. ದಾರಿ ತೋರಿಸಿದ್ದು ನಾನಿರಬಹುದು, ಕೋಡ್ ಬರೆದದ್ದು ನೀನು. ಅದು ನಿಂದೇ ಅಂದೆ.”

“ಕೈ ಕಟ್ಟಿ ಕೂರೋ ಸೂತ್ರ?”

“ಅದು ನಂದಲ್ಲಪ್ಪ. ಪುಸ್ತಕದಲ್ಲೆಲ್ಲೂ ಇಲ್ಲ. ಮೊನ್ನೆ ತಾನೇ ಅವಳೇ ಸೇರಿಸಿದ್ದು. ಇನ್ನೂ ಯಾರಿಗೂ ತೋರಿಸಿಲ್ಲ ಅಂದ್ಲು. ನನಗದು ಹೊಳೆದೇ ಇರಲಿಲ್ಲ.”

*

“ನೀವು ಪುಸ್ತಕ ಓದಿಲ್ಲ,” ಎಂದ ಇನ್‌ಸ್ಪೆಕ್ಟರ್, ಠಾಣೆಯಲ್ಲಿ ಎದುರು ಕೂತಿದ್ದ ಅಣ್ಣನಿಗೆ. “ಓದಿದ್ದರೆ ಆ ಸೂತ್ರ ಅದರಲ್ಲಿಲ್ಲ ಅಂತ ಗೊತ್ತಿರ್ತಿತ್ತು. ಅದಿದ್ದದ್ದು ತಂಗಿಯ ಕೋಡಿನಲ್ಲಿ ಮಾತ್ರ.”

“ಅವಳೇ ಹೇಳಿದ್ಲು ಸಾರ್.”

“ಅವಳು ಹೇಳಿದ್ದಿದ್ರೆ ನಂದು ಅಂತಿದ್ಲು. ಮೇಷ್ಟ್ರದ್ದು ಅಂತಿರಲಿಲ್ಲ. ನೀವು ಕದ್ದು ನೋಡಿದ್ರಿ. ಎಲ್ಲಾ ಮುದುಕರದ್ದೇ ಅಂದ್ಕೊಂಡ್ರಿ.”

ಪೇದೆ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಅಣ್ಣನ ಕಚೇರಿಯ ಬೀರುವಿನಲ್ಲಿ ಸಿಕ್ಕಿತ್ತು. ಅಣ್ಣ ಒಪ್ಪಿಕೊಂಡ.

“ಅವಳ ಕೋಡನ್ನ ನಾನೇ ಬರೆದದ್ದು ಅಂತ ಒಂದು ಕಂಪನಿಗೆ ಮಾರಿದ್ದೆ. ಅವಳು ಹಂಚಿದ್ರೆ ನನ್ನ ಬಣ್ಣ ಬಯಲಾಗ್ತಿತ್ತು. ಮೇಷ್ಟ್ರು ಕೇಸ್ ಹಾಕ್ತಾರೆ ಅಂತ ನಾನೇ ಹೆದರಿಸಿದೆ. ಅವಳು ಸೀದಾ ಅವರನ್ನೇ ಕೇಳಿ ಬಂದ್ಲು. ನಗ್ತಾ ಬಂದ್ಲು ಸಾರ್. ಬೆಳಿಗ್ಗೆ ಅಮ್ಮ ಹೊರಗೆ ಹೋದಾಗ ಲ್ಯಾಪ್‌ಟಾಪ್ ಕಿತ್ಕೊಳ್ಳೋಕೆ ಹೋದೆ. ಬಿಡಲಿಲ್ಲ. ತಳ್ಳಿದೆ.”

*

ತಾಯಿ ಕೋಣೆಯ ಹೊರಗಿನ ಬೆಂಚಿನ ಮೇಲಿದ್ದಳು. ಎಲ್ಲ ಕೇಳಿಸಿತ್ತು.

“ಬರೆದದ್ದು ಅವಳೇ ತಾನೇ?”

“ಅವಳೇ ಅಮ್ಮ.”

“ಹಾಗಾದ್ರೆ ಮೇಷ್ಟ್ರಿಗೆ ಹೇಳಿ. ಅವಳ ಹೆಸರಲ್ಲೇ ಹಂಚಿಸಲಿ.”

ಇನ್‌ಸ್ಪೆಕ್ಟರ್ ತಲೆಯಾಡಿಸಿದ. ತಾಯಿ ಎದ್ದು ಠಾಣೆಯ ಬಾಗಿಲವರೆಗೆ ಹೋದಳು. ಅಲ್ಲೇ ನಿಂತು, ತಿರುಗಿ ನೋಡದೆ ಕೇಳಿದಳು:

“ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಏನಾದ್ರೂ ಕೊಡ್ತೀರಾ?”