ಖಾಲಿ ಕೋಣೆಯ ತೇವ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮರದ ಹಲಗೆ ಒಣಗಿಸುವ ಕಾರ್ಖಾನೆಯಲ್ಲಿ ಬಿಸಿಗಾಳಿಯ ತೇವ ಅಳೆಯುವುದು ನನ್ನ ಕೆಲಸ. ಅವತ್ತು ಮಧ್ಯಾಹ್ನ ಒಣಗಿಸುವ ಕೋಣೆಯಲ್ಲಿ ಒಂದು ಹಲಗೆಯೂ ಇರಲಿಲ್ಲ, ಬರೀ ಕಾವು ಏರಿಸುತ್ತಿದ್ದರು. ತೇವ ಬಿಡಲು ಹಸಿ ಮರವೇ ಇಲ್ಲದ ಮೇಲೆ ಮೀಟರಿನ ಮುಳ್ಳು ಏರಬಾರದು. ಆದರೆ ಅದು ಏರಿತು, ಇಳಿಯಿತು, ಮತ್ತೆ ಏರಿತು, ಮಲಗಿದವರ ಎದೆಯ ಹಾಗೆ.

ಬಾಗಿಲ ಪಕ್ಕ ಅಣ್ಣನ ಚಪ್ಪಲಿ ಕಂಡು ನನ್ನ ಜೀವ ಬಾಯಿಗೆ ಬಂತು. ಒಳಗೆ ಗುಡಿಸುವುದು ಅವನ ಪಾಲಿನ ಕೆಲಸ.

"ಮೇಸ್ತ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಲಿಸಿ! ಅಣ್ಣ ಒಳಗಿದಾನೆ!"

"ತಲೆ ಕೆಟ್ಟಿದೆಯೇನೋ? ನಾನೇ ನೋಡಿ ಬಾಗಿಲು ಹಾಕಿದೀನಿ," ಎಂದು ಗದರಿದ ಮೇಸ್ತ್ರಿ ಕೊನೆಗೆ ನನ್ನ ಗೋಳು ತಾಳದೆ ನಿಲ್ಲಿಸಿದ. ಕಾವು ಇಳಿಯುವವರೆಗೂ ಆ ಕಬ್ಬಿಣದ ಬಾಗಿಲನ್ನು ಗುದ್ದುತ್ತಲೇ ಇದ್ದೆ. ತೆರೆದರೆ ಒಳಗೆ ಯಾರೂ ಇಲ್ಲ.

"ಯಾಕೋ ಅಳ್ತಿದೀಯ?"

ಹಿಂದೆ ಅಣ್ಣ ಬರಿಗಾಲಲ್ಲಿ ನಿಂತಿದ್ದ. ನನ್ನ ಹೆಗಲ ಮೇಲಿಟ್ಟ ಅವನ ಅಂಗೈ ಒಣಗಿ ಸುಡುತ್ತಿತ್ತು.

ಮೇಸ್ತ್ರಿ ಬಾಗಿಲು ಮುಚ್ಚಿ ಮತ್ತೆ ಬಿಸಿಗಾಳಿ ಬಿಟ್ಟ. ಮುಳ್ಳು ಮತ್ತೆ ಏರತೊಡಗಿತು. ಮೀಟರನ್ನೇ ಬದಲಾಯಿಸಿದೆವು. ಅದರಲ್ಲೂ ಹಾಗೆಯೇ.

ಆಮೇಲೆ ಆರು ಬೇಸಿಗೆ ಕಳೆದವು. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅಣ್ಣನ ಮೈಮೇಲೆ ಒಂದು ಹನಿ ಬೆವರನ್ನೂ ನಾನು ಕಂಡಿಲ್ಲ.