ಖಾಲಿ ಕೊಡಬಾರದ ಡಬ್ಬಿ

ಸಂಜೆಯಾಗುತ್ತಿದ್ದಂತೆ ಇಪ್ಪತ್ತನೆಯ ಮಹಡಿಯ ಆ ಮನೆಯಲ್ಲಿ ದೀಪಗಳು ತಾವಾಗಿಯೇ ಹೊಂಬಣ್ಣಕ್ಕೆ ತಿರುಗಿದವು. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ಆ ಸದ್ದು ಗೋಡೆ ದಾಟುವ ಮೊದಲೇ ಕರಗಿಹೋಯಿತು. ಕೆಳಗೆ ಯಾರೋ ಮೆಣಸಿನಕಾಯಿ ಒಗ್ಗರಣೆ ಹಾಕಿದರು; ಘಾಟು ಕಿಟಕಿಯ ಬಳಿ ಸುಳಿಯುವಷ್ಟರಲ್ಲಿ ತಂಪು ಗಾಳಿಯೊಂದು ಅದನ್ನು ಹಿಂದಕ್ಕೆ ಅಟ್ಟಿತು. ಸೋಫಾದ ಮೇಲಿದ್ದ ವಿರೂಪಾಕ್ಷ ಕೋರಿ ಕಣ್ಣು ಮುಚ್ಚಿದ. ಗೋಡೆಯೊಳಗಿನ ನೆಮ್ಮದಿಯಂತ್ರ ಅವನ ಉಸಿರನ್ನೂ ನಾಡಿಯನ್ನೂ ದೂರದಿಂದಲೇ ಅಳೆದು, ನೆಮ್ಮದಿ ಅಂಕ ನೂರಕ್ಕೆ ಐವತ್ತೆರಡು ಎಂದು ಮೇಲಕ್ಕೆ ವರದಿ ಒಪ್ಪಿಸಿತು.

ಮೇಲೆ ಎಂದರೆ ಗೋಪುರದ ತುತ್ತತುದಿಯ ಪ್ರಯೋಗಾಲಯ. ಅಲ್ಲಿ ತೆರೆಯ ಮುಂದೆ ಕುಳಿತಿದ್ದ ಡಾ. ಶ್ರೀಲತಾ ಬೆಳ್ಳಾರೆ ಹುಬ್ಬು ಗಂಟಿಕ್ಕಿದಳು. ನಿನ್ನೆಯೂ ಐವತ್ತೆರಡು, ಹೋದ ತಿಂಗಳೂ ಐವತ್ತೆರಡು. ಯಂತ್ರವಿದ್ದ ಮಿಕ್ಕ ಮನೆಗಳದೂ ಹೆಚ್ಚುಕಡಿಮೆ ಅಷ್ಟೇ. ಹತ್ತು ವರ್ಷ ಹಗಲಿರುಳು ದುಡಿದು ಕಟ್ಟಿದ ಯಂತ್ರ ಮನುಷ್ಯನನ್ನು ಅರ್ಧ ದಾರಿಗೆ ತಂದು ಕೈಬಿಟ್ಟಂತಿತ್ತು.

ಹುಬ್ಬಳ್ಳಿಯ ಹೊರಗೆ ಎದ್ದು ನಿಂತಿದ್ದ ಈ ಗೋಪುರದ ಹೆಸರು ಮುಗಿಲುಮನೆ. ಹಳೆಯ ಓಣಿಗಳನ್ನು ಕೆಡವಿ ಅಲ್ಲಿನ ಜನರನ್ನೆಲ್ಲ ಇಲ್ಲಿಗೆ ತಂದಿದ್ದರು. ನಲ್ಲಿಯಲ್ಲಿ ದಿನವಿಡೀ ನೀರು, ಮನೆಮನೆಗೂ ಬಿಸಿಲು, ಯಾವುದಕ್ಕೂ ಕೊರತೆಯಿಲ್ಲ. ಆದರೂ ಬಂದ ಒಂದೇ ವರ್ಷದಲ್ಲಿ ಜನರಿಗೆ ನಿದ್ದೆ ದೂರವಾಯಿತು, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರತೊಡಗಿತು. ಸದ್ದು, ವಾಸನೆ, ಬೆಳಕುಗಳೇ ಮನಸ್ಸನ್ನು ಕೆಡಿಸುತ್ತವೆ, ಅವನ್ನು ಹದಗೊಳಿಸಿದರೆ ಮನಸ್ಸೂ ಹದಕ್ಕೆ ಬರುತ್ತದೆ ಎಂಬುದು ಶ್ರೀಲತಾಳ ಸಿದ್ಧಾಂತ. ಅದನ್ನು ರುಜುವಾತು ಮಾಡಲು ಸರ್ಕಾರದ ಸಮಿತಿಯೊಂದು ಮೇಲಿನ ಮಹಡಿಗಳಲ್ಲಿ ಯಂತ್ರ ಕೂರಿಸಲು ಒಪ್ಪಿತ್ತು. ಫಲಿತಾಂಶ ಚೆನ್ನಾಗಿ ಬಂದರೆ ನಾಡಿನ ಎಲ್ಲ ಗೋಪುರಗಳಿಗೂ ಯಂತ್ರ; ಇಲ್ಲವಾದರೆ ಗಂಟುಮೂಟೆ ಕಟ್ಟುವುದು.

ಹೋಲಿಕೆಗೆಂದು ಕೆಳಗಿನ ಮಹಡಿಗಳನ್ನು ಯಂತ್ರವಿಲ್ಲದೆ ಬಿಟ್ಟಿದ್ದರು. ಅಲ್ಲಿಯ ಜನರ ಅಂಕವನ್ನೂ ಅಳೆಯಬೇಕಲ್ಲ? ಅದಕ್ಕಾಗಿ ಶ್ರೀಲತಾ ಕೈಯಲ್ಲಿ ಹಿಡಿಯುವ ಮನೋಮಾಪಕ ತಯಾರಿಸಿದ್ದಳು. ಎರಡೂ ಅಂಗೈಗಳ ನಡುವೆ ತುಸು ಹೊತ್ತು ಹಿಡಿದರೆ ಬೆವರು, ಬಿಸುಪು, ನಾಡಿಗಳನ್ನು ಓದಿ ಮುಚ್ಚಳದ ಮೇಲೆ ಅಂಕ ತೋರಿಸುತ್ತಿತ್ತು. ಜನ ಹೆದರದಿರಲೆಂದು ಅದಕ್ಕೆ ಎಲ್ಲರಿಗೂ ಪರಿಚಿತವಾದ ರೂಪ ಕೊಟ್ಟಿದ್ದಳು: ಸ್ಟೀಲಿನ ಡಬ್ಬಿ. ಉಪಕರಣವೆಲ್ಲ ತಳದಲ್ಲೇ ಅಡಗಿದ್ದರಿಂದ ಡಬ್ಬಿಯ ಹೊಟ್ಟೆ ಖಾಲಿ ಉಳಿಯಿತು. ಮಹಡಿಗೊಂದು ಡಬ್ಬಿ, ಒಂದು ಮನೆಯವರು ಅಳೆದುಕೊಂಡು ಪಕ್ಕದ ಮನೆಗೆ ದಾಟಿಸಬೇಕು.

ಮೊದಲ ಡಬ್ಬಿಯನ್ನು ಅವಳು ತನ್ನ ಕೈಯಲ್ಲೇ ಹಿಡಿದು ಪರೀಕ್ಷಿಸಿದ್ದಳು. ಮೂವತ್ತೊಂದು ಎಂದು ತೋರಿಸಿತ್ತು. 'ಇದು ಕೆಟ್ಟಿದೆ' ಎಂದು ಅದನ್ನು ಅಡುಗೆಮನೆಯ ಕಪಾಟಿನೊಳಗೆ ತಳ್ಳಿ ಮರೆತುಬಿಟ್ಟಿದ್ದಳು.

ಈಗ ಅವಳ ನಿದ್ದೆ ಕೆಡಿಸಿದ್ದು ಹನ್ನೆರಡನೆಯ ಮಹಡಿ. ಯಂತ್ರವಿಲ್ಲದ ಆ ಮಹಡಿಯ ಅಂಕ ಅರವತ್ತು ದಾಟಿ ಎಪ್ಪತ್ತರ ಹತ್ತಿರ ಬಂದಿತ್ತು. ಅದರಲ್ಲೂ ದಾವಲಸಾಬ ನದಾಫ ಎಂಬ ಮುದುಕನ ಅಂಕ ಇಡೀ ಗೋಪುರಕ್ಕೇ ಅತಿ ಕಡಿಮೆಯಿದ್ದದ್ದು ಮೂರು ಪಟ್ಟಾಗಿತ್ತು. ಇದೇನು ಚೋದ್ಯ ಎಂದುಕೊಂಡು ಶ್ರೀಲತಾ ಲಿಫ್ಟು ಹತ್ತಿ ಕೆಳಗಿಳಿದಳು.

ಲಿಫ್ಟಿನ ಬಾಗಿಲು ತೆರೆಯುತ್ತಲೇ ಒಗ್ಗರಣೆಯ ಘಾಟು ಮುಖಕ್ಕೆ ಬಡಿದು ಮೂರು ಸಲ ಸೀನಿದಳು. ಮನೆಗಳ ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಮೊದಲ ಮನೆಯ ನೀಲಗಂಗವ್ವ ಹೊಸ್ತಿಲಲ್ಲಿ ನಿಂತು ಮನೋಮಾಪಕದ ಮುಚ್ಚಳ ಹಾಕುತ್ತಿದ್ದಳು.

"ಬರ್ರಿ ಡಾಕ್ಟರವ್ವಾ, ಒಳಗ ಬರ್ರಿ. ಬಾಗಲದಾಗ ಯಾಕ ನಿಂತೀರಿ?"

"ಅಮ್ಮಾ, ಅದರೊಳಗೆ ಏನು ಹಾಕಿದ್ದೀರಿ?"

"ಚೂಡಾ ರೀ. ಅವಲಕ್ಕಿಗೆ ಶೇಂಗಾ ಸ್ವಲ್ಪ ಜಾಸ್ತಿನ ಹಾಕೀನಿ."

"ಚೂಡಾ? ಅದು ವೈಜ್ಞಾನಿಕ ಉಪಕರಣ!"

"ಗೊತ್ತೈತಲ್ರಿ. ಅದಕ್ಕ ಎರಡು ಸಲ ಒರಸಿ ತುಂಬೀನಿ." ನೀಲಗಂಗವ್ವನಿಗೆ ಈ ಓದಿದ ಹುಡುಗಿಯ ಗಾಬರಿ ಅರ್ಥವಾಗಲಿಲ್ಲ. "ಮಂದಿ ಮನಿಗೆ ಖಾಲಿ ಡಬ್ಬಿ ಹೆಂಗ ಕೊಡಾಕ ಬರ್ತೈತ್ರಿ? ನಿಮ್ಮ ಕಡೆ ಕೊಡ್ತಾರೇನು?"

ಶ್ರೀಲತಾಳಿಗೆ ತನ್ನೂರು ನೆನಪಾಯಿತು. ಬೆಳ್ಳಾರೆಯಲ್ಲಿ ಅವಳ ಅಮ್ಮ ಪಕ್ಕದ ಮನೆಯ ಪಾತ್ರೆ ಹಿಂದಿರುಗಿಸುವಾಗ ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವನ್ನಾದರೂ ಹಾಕುತ್ತಿದ್ದಳು. ಇಷ್ಟು ಗೊತ್ತಿದ್ದೂ ಡಬ್ಬಿಯ ಆಕಾರವನ್ನೇ ಆರಿಸಿಕೊಂಡ ತನ್ನ ಜಾಣತನಕ್ಕೆ ಏನೆನ್ನಬೇಕು!

ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ದಾವಲಸಾಬನೇ ಹೊರಬಂದ. ಹಳೆಯ ಓಣಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವನು. ಇಲ್ಲಿಗೆ ಬಂದ ಮೇಲೆ ಆರು ತಿಂಗಳು ಯಾರೊಂದಿಗೂ ತುಟಿ ಬಿಚ್ಚಿರಲಿಲ್ಲ.

"ಅಕ್ಕಾರು ಚೂಡಾ ಕಳಿಸಿದ್ರು. ನಾ ಸುಮ್ಮನ ಕೂಡಾಕ ಆಗ್ತೈತೇನ್ರಿ? ರವಾ ಹುರದು ಸಿರಾ ಮಾಡಾಕ ಹೋದೆ. ತಳಾ ಹಿಡೀತು. ಅದನ್ನ ತುಂಬಿ ಮುಂದಿನ ಮನಿಗೆ ಕೊಟ್ಟೆ. ಇಡೀ ಸಾಲಿನ ಮಂದಿ ಬಂದು ಬೈದ್ರು ನೋಡ್ರಿ!" ಇಷ್ಟು ಹೇಳಿ ಅವನು ಬಹುಮಾನ ಬಂದವನಂತೆ ನಕ್ಕ.

"ಬೈದರೆ ನಿಮಗೆ ಬೇಜಾರಾಗಲಿಲ್ಲವೇ?"

"ಆರು ತಿಂಗಳ ಮ್ಯಾಲೆ ಬೈಯೋರು ಸಿಕ್ಕಾರ. ಬೇಜಾರು ಎಲ್ಲಿಂದ ಬರಬೇಕ್ರಿ? ಈಗ ಅಕ್ಕಾರು ದಿನಾ ನಿಂತು ಅಡಗಿ ಕಲಿಸಾಕತ್ತಾರ."

ವಿಜ್ಞಾನಿಯಾದವಳು ಅಷ್ಟಕ್ಕೇ ಒಪ್ಪುವಂತಿಲ್ಲ. ಡಬ್ಬಿಯೊಳಗಿನ ಬಿಸಿ ತಿನಿಸಿನಿಂದ ಅಂಗೈ ಬೆಚ್ಚಗಾಗಿ ಅಂಕ ಏರಿರಬಹುದಲ್ಲ? ಮನೋಮಾಪಕವನ್ನು ಇನ್ನು ಮುಂದೆ ಖಾಲಿಯಾಗಿಯೇ ದಾಟಿಸತಕ್ಕದ್ದು ಎಂದು ಅವಳು ಕಟ್ಟಪ್ಪಣೆ ಹೊರಡಿಸಿದಳು. ಹನ್ನೆರಡನೆಯ ಮಹಡಿ ಅದನ್ನು ಶಿರಸಾವಹಿಸಿ ಪಾಲಿಸಿತು. ಒಂದು ಕೈಯಲ್ಲಿ ಖಾಲಿ ಮನೋಮಾಪಕ, ಇನ್ನೊಂದು ಕೈಯಲ್ಲಿ ಮನೆಯ ಸ್ವಂತ ಡಬ್ಬಿ ತುಂಬ ಕೋಡುಬಳೆ. ದಾಟುವ ಡಬ್ಬಿ ಎರಡಾದವು, ಅಂಕ ಇನ್ನಷ್ಟು ಏರಿತು.

ಶ್ರೀಲತಾ ತಲೆಯ ಮೇಲೆ ಕೈಹೊತ್ತು ಕುಳಿತಳು. ಅವಳ ಯಂತ್ರದಲ್ಲಿ ದೋಷವೇ ಇರಲಿಲ್ಲ. ಕುಕ್ಕರಿನ ಕೂಗು, ಒಗ್ಗರಣೆಯ ಘಾಟು, ಮಕ್ಕಳ ಗಲಾಟೆ, ಎಲ್ಲವನ್ನೂ ಅದು ಚೊಕ್ಕಟವಾಗಿ ಹೊರಗಿಟ್ಟಿತ್ತು. ಪಕ್ಕದಲ್ಲೊಬ್ಬರು ಬದುಕಿದ್ದಾರೆ ಎಂಬ ಸುದ್ದಿಯನ್ನೂ ಅದರ ಜೊತೆಗೇ ಹೊರಗಿಟ್ಟಿತ್ತು.

ಸಮಿತಿಯ ಅಧ್ಯಕ್ಷರು ಬರುವ ದಿನ ಬಂದೇಬಿಟ್ಟಿತು. ತಪ್ಪಿಸಿಕೊಳ್ಳುವ ದಾರಿ ಒಂದಿತ್ತು. ಡಬ್ಬಿಗಳ ಅಳತೆ ತಿನಿಸಿನಿಂದ ಕೆಟ್ಟಿದೆ ಎಂದು ಬದಿಗೆ ಸರಿಸಿದರೆ, ಯಂತ್ರದ ಐವತ್ತೆರಡೇ ದೊಡ್ಡ ಸಾಧನೆಯಾಗಿ ಕಾಣುತ್ತಿತ್ತು. ಹತ್ತು ವರ್ಷದ ದುಡಿಮೆ ಉಳಿಯುತ್ತಿತ್ತು. ಶ್ರೀಲತಾ ತೆರೆಯ ಮುಂದೆ ನಿಂತು ಅಂಕಗಳನ್ನು ಅಳಿಸಲು ಕೈ ಚಾಚಿದಳು. ಆದರೆ ದಾವಲಸಾಬನ ನಗು ಕಣ್ಣಮುಂದೆ ಬಂದಮೇಲೆ ಅವಳ ಕೈ ಯಾವ ಅಂಕವನ್ನೂ ಅಳಿಸಲಿಲ್ಲ.

"ಸರ್, ನನ್ನ ಯಂತ್ರ ಸೋತಿದೆ," ಎಂದಳು. "ಯಂತ್ರವಿಲ್ಲದ ಮಹಡಿ ಗೆದ್ದಿದೆ. ಜನಕ್ಕೆ ಬೇಕಾದದ್ದು ಮೌನವಲ್ಲ, ನೆರೆಹೊರೆ."

ಅಧ್ಯಕ್ಷರಾದ ಗುರುಪಾದಪ್ಪ ಹೊಸಗೌಡ್ರು ಸುಲಭಕ್ಕೆ ನಂಬುವ ಆಸಾಮಿಯಲ್ಲ. ವಿರೂಪಾಕ್ಷ ಕೋರಿಯನ್ನು ಕರೆಸಿ, "ಯಂತ್ರ ಹೆಂಗ ಅನಸ್ತೈತಿ?" ಎಂದು ಕೇಳಿದರು.

"ಭಾಳ ಶಾಂತ ಐತ್ರಿ," ಎಂದ ಕೋರಿ. "ಎಷ್ಟು ಶಾಂತ ಅಂದ್ರ, ನಾ ಸತ್ತರೂ ಪಕ್ಕದ ಮನಿಯವ್ರಿಗೆ ತಿಳಿಯಂಗಿಲ್ಲ. ನಮಗೂ ಒಂದು ಡಬ್ಬಿ ಕೊಡ್ರಲಾ!"

ಅಧ್ಯಕ್ಷರು ಹನ್ನೆರಡನೆಯ ಮಹಡಿಗೆ ಇಳಿದರು. ನೀಲಗಂಗವ್ವ ಅವರನ್ನು ಮಾತಾಡಲು ಬಿಡದೆ ಚೂಡಾದ ಡಬ್ಬಿಯನ್ನು ಕೈಗಿತ್ತಳು. ತಿಂದು ಮುಗಿಸಿ ಡಬ್ಬಿ ಹಿಂದಿರುಗಿಸಲು ಹೋದವರು ತಟ್ಟನೆ ಕೈ ಹಿಂದೆಳೆದುಕೊಂಡರು. ಕೋಟಿನ ಎಲ್ಲ ಜೇಬುಗಳನ್ನೂ ತಡಕಾಡಿದರು. ಕೊನೆಗೆ ಸಿಕ್ಕಿದ ಎರಡು ಪೆಪ್ಪರಮಿಂಟುಗಳನ್ನು ಡಬ್ಬಿಯೊಳಗೆ ಹಾಕಿ, ಗಂಭೀರವಾಗಿ ಮುಚ್ಚಳ ಮುಚ್ಚಿ ಕೊಟ್ಟರು. ಯಂತ್ರಗಳನ್ನು ಬಿಚ್ಚುವಂತೆಯೂ ಮೇಲಿನ ಮಹಡಿಗಳಿಗೂ ಡಬ್ಬಿ ಹಂಚುವಂತೆಯೂ ಅಲ್ಲೇ ನಿಂತು ಆದೇಶವಾಯಿತು.

ಆ ಸಂಜೆ ಶ್ರೀಲತಾ ಪ್ರಯೋಗಾಲಯದ ಪಕ್ಕದ ತನ್ನ ಮನೆಗೆ ಬಂದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಬದಲಿಗೆ ಮೇಜಿನ ಮೇಲೊಂದು ಡಬ್ಬಿ ಕಂಡಿತು. ಮೊದಲ ದಿನ ಹನ್ನೆರಡನೆಯ ಮಹಡಿಯಿಂದ ಹೊರಡುವಾಗ ನೀಲಗಂಗವ್ವ ಒತ್ತಾಯದಿಂದ ಕೊಟ್ಟಿದ್ದ ಚೂಡಾದ ಡಬ್ಬಿ. ಚೂಡಾ ಎಂದೋ ಮುಗಿದಿತ್ತು. ಡಬ್ಬಿ ಇನ್ನೂ ಇಲ್ಲೇ ಇತ್ತು. ಅಮ್ಮ ಇದ್ದಿದ್ದರೆ ಮುಖಕ್ಕೆ ಉಗಿಯುತ್ತಿದ್ದಳು.

ಅಡುಗೆಮನೆಯಲ್ಲಿ ಇದ್ದದ್ದು ಊರಿನಿಂದ ಬಂದ ಹಲಸಿನ ಹಪ್ಪಳದ ಕಟ್ಟು ಮಾತ್ರ. ಎಣ್ಣೆ ಕಾಯಿಸಿ ಮೊದಲ ಹಪ್ಪಳ ಬಿಟ್ಟಳು. ಘಮ ಏಳುತ್ತಲೇ ಗೋಡೆಯೊಳಗಿನ ನೆಮ್ಮದಿಯಂತ್ರ ಎಚ್ಚೆತ್ತು ತಂಪು ಗಾಳಿ ಬೀಸಿ ಅದನ್ನು ಅಟ್ಟತೊಡಗಿತು. "ಸುಮ್ಮನಿರು ಮಾರಾಯಾ," ಎಂದು ಶ್ರೀಲತಾ ತಾನೇ ಹೆತ್ತ ಯಂತ್ರವನ್ನು ಗುಂಡಿ ಒತ್ತಿ ಆರಿಸಿದಳು. ಘಮ ಮನೆತುಂಬ ಹರಡಿತು.

ಹಪ್ಪಳ ಮುರಿದು ತುಂಬಿದರೆ ನೀಲಗಂಗವ್ವನ ಡಬ್ಬಿ ಸಾಲಲಿಲ್ಲ. ಇನ್ನೊಂದಕ್ಕೆಂದು ಕಪಾಟು ತಡಕಿದಾಗ ಸಿಕ್ಕಿದ್ದು ಆ ಕೆಟ್ಟ ಮನೋಮಾಪಕ. ಇರಲಿ ಎಂದು ಅದನ್ನೂ ತುಂಬಿ, ಎರಡು ಡಬ್ಬಿಗಳನ್ನು ಎದೆಗವಚಿಕೊಂಡು ಕೆಳಗಿಳಿದಳು.

ಹೊಸ್ತಿಲಲ್ಲಿ ನೀಲಗಂಗವ್ವನಿಗೆ ಮೊದಲ ಡಬ್ಬಿ ಕೊಟ್ಟು, "ಇದು ಕೆಟ್ಟ ಡಬ್ಬಿ, ನನಗೆ ಮೂವತ್ತೊಂದು ಅಂತ ತೋರಿಸಿತ್ತು," ಎನ್ನುತ್ತ ಎರಡನೆಯದನ್ನು ಎರಡೂ ಅಂಗೈಗಳಲ್ಲಿ ಹಿಡಿದು ನಿಂತಳು. ನೀಲಗಂಗವ್ವ ಒಂದು ಚೂರು ಬಾಯಿಗೆ ಹಾಕಿಕೊಂಡಳು.

"ಉಪ್ಪು ಕಡಿಮಿ ಆತು ನೋಡು. ನಾಳೆ ಬಾ ತಂಗಿ, ನಾ ಕಲಿಸ್ತೀನಿ."

ಇಷ್ಟು ದಿನ 'ಬರ್ರಿ' ಎನ್ನುತ್ತಿದ್ದವಳ ಬಾಯಲ್ಲಿ 'ಬಾ ತಂಗಿ' ಕೇಳಿ ಶ್ರೀಲತಾಳಿಗೆ ಆಗ ಬಾರದಿದ್ದ ಅಳು ಈಗ ಬಂತು. ಹತ್ತು ವರ್ಷದ ಕೆಲಸ ಕೈಬಿಟ್ಟುಹೋದ ದಿನ ಇಷ್ಟೊಂದು ಸಂತೋಷವಾಗುವುದು ಯಾವ ಸಿದ್ಧಾಂತದಲ್ಲೂ ಇರಲಿಲ್ಲ.

"ಇದೇನಿದು, ಎಪ್ಪತ್ತೆಂಟು ಅಂತ ತೋರಸ್ತೈತಿ?" ನೀಲಗಂಗವ್ವ ಮುಚ್ಚಳದ ಕಡೆ ಬೊಟ್ಟುಮಾಡಿದಳು. "ಇದು ಕೆಟ್ಟ ಡಬ್ಬಿ ಅಂತ ಈಗ ಹೇಳಿದ್ಯಲ್ಲಾ?"

"ಇಲ್ಲ ಅಕ್ಕಾ," ಎಂದಳು ಶ್ರೀಲತಾ ಕಣ್ಣೊರೆಸಿಕೊಂಡು ನಗುತ್ತ. "ಡಬ್ಬಿ ಆವತ್ತೂ ಸರಿಯಾಗಿಯೇ ಹೇಳಿತ್ತು."